ಬೀರುವಿನಲ್ಲಿ ಹುಟ್ಟಿದ ಧೂಮಕೇತು

ಅಮೆರಿಕದ ಈಸ್ಟ್ ಬ್ರನ್ಸ್‌ವಿಕ್‌ನ ಆ ಮನೆಯ ಹಿತ್ತಲಲ್ಲಿ ವೀಕ್ಷಣಾಲಯವೆಂದು ಕರೆಸಿಕೊಳ್ಳುತ್ತಿದ್ದ ಮರದ ಶೆಡ್ಡಿತ್ತು. ಅದರಲ್ಲಿ ನಿರುಪಮಾ ತನ್ನದೆಂದು ಹೇಳಿಕೊಳ್ಳಬಹುದಾಗಿದ್ದ ವಸ್ತು ಒಂದೇ, ದೂರದರ್ಶಕದ ಕನ್ನಡಿ. ಮೈಸೂರಿನಲ್ಲಿ ಭೌತಶಾಸ್ತ್ರ ಓದಿ ಬಂದವಳು ಅಡುಗೆಮನೆಯಲ್ಲಿ ಗಾಜಿಟ್ಟುಕೊಂಡು, ವರ್ಷವಿಡೀ ಕೈಯಾರೆ ಉಜ್ಜಿ ಮಾಡಿದ್ದು. ಎಪ್ಪತ್ತನಾಲ್ಕರ ಜನವರಿಯಲ್ಲಿ ಧೂಮಕೇತು ಸಂಜೆಯ ಆಕಾಶವನ್ನೇ ಬೆಳಗುತ್ತದೆಂದು ಪತ್ರಿಕೆಗಳು ಬರೆದಿದ್ದವು. ತನ್ನ ಕನ್ನಡಿಯಲ್ಲಿ ಮೊದಲು ಅದನ್ನೇ ನೋಡಬೇಕೆಂದು ಅವಳ ಆಸೆ.

ಉಳಿದದ್ದೆಲ್ಲ ಗಂಡ ಪ್ರಾಣೇಶನ ಸಾಧನೆ. ನಕ್ಷೆ ಹರಡಲು ಮೇಜು ಮಾಡಿದ. ಕೂತು ನೋಡಲು ಸ್ಟೂಲು ಮಾಡಿದ. ಸ್ಟೂಲು ಕುಂಟಿದ್ದರಿಂದ ಅದಕ್ಕೆ ಆಸರೆಯಾಗಿ ಬೆಂಚೊಂದನ್ನು ಮಾಡಿದ. ಕೊನೆಗೆ ಮಸೂರಗಳನ್ನೂ ಕನ್ನಡಿಯನ್ನೂ ಇಡಲು ಬೀರು. ಅದು ಒಳಗೆ ಬಂದಮೇಲೆ ದೂರದರ್ಶಕವೇ ಮೂಲೆ ಸೇರಬೇಕಾಯಿತು.

"ನೋಡೋದು ಯಾರು ಬೇಕಾದ್ರೂ ನೋಡ್ತಾರೆ ಕಣೇ. ಸ್ಟೋರೇಜ್ ಸರಿಯಾಗಿರ್ಬೇಕು," ಎಂದ. ತಾನೇ ಕೈಯಾರೆ ಕನ್ನಡಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ. ಮೋಡ ಸರಿಯುವವರೆಗೆ, ಒಂದು ವಾರ ಅದು ಅಲ್ಲೇ ಇತ್ತು.

ಆಕಾಶ ತಿಳಿಯಾದ ಶನಿವಾರ ಸಂಜೆ ಕನ್ನಡದ ಮನೆಗಳವರೆಲ್ಲ ಬಂದರು. ಕನ್ನಡಿಯನ್ನು ಕೂರಿಸಿ, ಎದುರಿಗೆ ಫಳಫಳ ಹೊಳೆಯುತ್ತಿದ್ದುದರ ಕಡೆಗೆ ದೂರದರ್ಶಕ ತಿರುಗಿಸಿದವನೂ ಪ್ರಾಣೇಶನೇ. ನಿರುಪಮಾ ಮನೆಯೊಳಗೆ ಉಪ್ಪಿಟ್ಟು ಬಡಿಸಿ ಬರುವಷ್ಟರಲ್ಲಿ ಎಲ್ಲರೂ ನೋಡಿಯಾಗಿತ್ತು.

"ಟಿವಿಯವ್ರು ಕಾಣೋದೇ ಕಷ್ಟ ಅಂದಿದ್ರು. ಇಲ್ಲಿ ನೋಡಿದ್ರೆ ಎಂಥಾ ಬಾಲ," ಎಂದರು ಪಕ್ಕದ ಬೀದಿಯ ರಮಾಮಣಿ. "ನಿಮ್ಮ ಯಜಮಾನ್ರ ಕೈಯೇ ಕೈ, ನಿರುಪಮಾ."

ಯಜಮಾನರು ವಿನಯದಿಂದ ಬೀರುವಿಗೆ ಒರಗಿ ನಿಂತರು.

ಕೊನೆಯ ಸರದಿ ನಿರುಪಮಾಳದು. ಕಣ್ಣಿಟ್ಟಳು. ಅದು ಶುಕ್ರ ಗ್ರಹ. ಸುತ್ತ ಹಾಲು ಚೆಲ್ಲಿದ ಹಾಗೆ ಬೆಳಕು. ಬಗ್ಗಿ ಕೊಳವೆಯೊಳಗೆ ನೋಡಿದರೆ ಕನ್ನಡಿಯ ಮೇಲೆಲ್ಲ ಬಿಳಿ ಪುಡಿ, ಅತ್ತೆಯ ರೇಷ್ಮೆ ಸೀರೆಯ ವಾಸನೆ.

"ರೀ, ಬೀರುಲಿ ನುಸಿಗುಳಿಗೆ ಇಟ್ಟಿದ್ರಾ?" ಎಂದು ಮೆಲ್ಲಗೆ ಕೇಳಿದಳು.

"ಇಡ್ದೇ ಇರ್ತಾರಾ? ನಮ್ಮಮ್ಮ ಯಾವ ಬೀರುನೂ ಹಾಗೇ ಬಿಟ್ಟೋರಲ್ಲ."

ಅವಳಿಗೆ ಅಳು ಬಂತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು. ಗಾಜಿಗೆ ನುಸಿ ಹಿಡಿದದ್ದನ್ನು ಜಗತ್ತಿನಲ್ಲಿ ಯಾರೂ ಕಂಡಿರಲಿಕ್ಕಿಲ್ಲ. ಬಂದವರಿಗೆಲ್ಲ ಕಾಫಿ ಕೊಟ್ಟಳು. ಅವರು ಹೋದಮೇಲೆ ಕನ್ನಡಿಯನ್ನು ಒಯ್ದು ಅಡುಗೆಮನೆಯ ಹೀಟರ್ ಹತ್ತಿರ ಇಟ್ಟಳು. ಗಾಜಿನ ಮೇಲೆ ಕೂತಿದ್ದ ಗುಳಿಗೆಯ ಬಿಳುಪು ಬೆಳಗಾಗುವಷ್ಟರಲ್ಲಿ ತಾನಾಗಿ ಆವಿಯಾಗಿ ಕನ್ನಡಿ ಮೊದಲಿನಂತಾಗಿತ್ತು.

ಭಾನುವಾರ ಸಂಜೆ ಒಬ್ಬಳೇ ಹುಡುಕಿದಳು. ಸಿಕ್ಕಿತು. ಬೆರಳಲ್ಲಿ ತೀಡಿದ ವಿಭೂತಿಯಷ್ಟು ತೆಳುವಾಗಿ, ಪತ್ರಿಕೆಗಳಿಗೆಲ್ಲ ಅವಮಾನವಾಗುವಷ್ಟು ಚಿಕ್ಕದಾಗಿ, ನಿಜವಾದ ಧೂಮಕೇತು. ಅವಳ ಕಣ್ಣು ತುಂಬಿಬಂತು. ಗಂಡನನ್ನು ಕರೆದಳು.

ಪ್ರಾಣೇಶ ನೋಡಿ ಮುಖ ಸಿಂಡರಿಸಿದ. "ಇಷ್ಟೇನಾ? ನಿನ್ನೆ ಎಷ್ಟು ಚೆನ್ನಾಗಿತ್ತು. ರಾತ್ರಿ ಕನ್ನಡಿ ಎಲ್ಲಿಟ್ಟಿದ್ದೆ?"

"ಅಡುಗೆಮನೇಲಿ."

"ಅದಕ್ಕೇ ಕೆಟ್ಟಿದೆ. ಬೀರುಲಿಡು ಅಂತ ಬಡ್ಕೊಂಡೆ."

ಅಂದಿನಿಂದ ಕನ್ನಡಿಯ ಜಾಗ ಅಡುಗೆಮನೆಯ ಶೆಲ್ಫು. ಬೀರುವಿನಲ್ಲಿ ಪ್ರಾಣೇಶನ ಮದುವೆಯ ಸೂಟು ತೂಗುತ್ತಿದೆ. ಅದಕ್ಕೆ ಈವರೆಗೆ ನುಸಿ ಹಿಡಿದಿಲ್ಲ.