ಐದು ಮತ್ತು ಆರರ ನಡುವೆ ಒಂದು ಬೀರು

ಲಿಫ್ಟಿನವನು ಒಂದು ಸಲ ಏಳನೆಯ ಮಹಡಿಯಲ್ಲಿ ನಿಲ್ಲಿಸುವುದನ್ನು ಮರೆತು ತನ್ನ ಲಿಫ್ಟನ್ನು ನೇರ ಚಂದ್ರನ ತನಕ ಒಯ್ದಿದ್ದ. ಅಲ್ಲಿ ಇಳಿಯುವವರೂ ಇಲ್ಲ, ಹತ್ತುವವರೂ ಇಲ್ಲ, ಸುಮ್ಮನೆ ಕರೆಂಟು ದಂಡ ಅಂತ ಊಟದ ಹೊತ್ತಿಗೆ ವಾಪಸು ತಂದ. ಇದು ಅವನೇ ಹೇಳಿದ ಮಾತು. ಸುಳ್ಳಾಗಿದ್ದರೆ ಪಾಪ ಅವನಿಗೇ ಸೇರಲಿ.

ಆ ಕಟ್ಟಡದಲ್ಲಿ ಏಳು ಮಹಡಿ. ಎರಡರಲ್ಲಿ ಹಲ್ಲಿನ ಡಾಕ್ಟರು, ನಾಲ್ಕರಲ್ಲಿ ಟೈಲರು, ಏಳರಲ್ಲಿ ವಕೀಲರು, ನಡುನಡುವೆ ಯಾವ ಕೆಲಸ ನಡೆಯುತ್ತದೆಂದು ಅಲ್ಲಿ ಕೆಲಸ ಮಾಡುವವರಿಗೇ ಗೊತ್ತಿಲ್ಲದ ಆಫೀಸುಗಳು. ಲಿಫ್ಟು ಹಳೆಯ ಕಾಲದ್ದು: ಮಡಚುವ ಜಾಲರಿ ಬಾಗಿಲು, ಹಿತ್ತಾಳೆಯ ಗುಂಡಿಗಳು, ಗುಂಡಿಗಳ ಎದುರಿಗೆ ಒಂದು ಸ್ಟೂಲು. ಅದರ ಮೇಲೆ ಲಿಫ್ಟಿನವನು. ಮುಖ ಗುಂಡಿಗಳ ಕಡೆಗೆ, ಬೆನ್ನು ಜನರ ಕಡೆಗೆ. ಡಾಕ್ಟರನ್ನು ಅವರ ಬೂಟಿನಿಂದ, ಟೈಲರನ್ನು ಅವನ ಕೆಮ್ಮಿನಿಂದ, ವಕೀಲರ ಗುಮಾಸ್ತನನ್ನು ಅವನ ನಿಟ್ಟುಸಿರಿನಿಂದ ಗುರುತಿಸುತ್ತಿದ್ದ. ಕತ್ತು ತಿರುಗಿಸಿದರೆ ಲಿಫ್ಟಿಗೆ ಅವಮಾನ ಎಂಬುದು ಅವನ ಸಿದ್ಧಾಂತ.

ಅವನ ಹತ್ತಿರ ಒಂದು ಕೈಚಳಕವಿತ್ತು. ಓಡುತ್ತಿರುವ ಲಿಫ್ಟಿನ ಜಾಲರಿಯನ್ನು ಎರಡು ಬೆರಳಷ್ಟು ಸರಿಸಿದರೆ ಲಿಫ್ಟು ಗಕ್ಕನೆ ನಿಲ್ಲುತ್ತದೆ, ಮುಚ್ಚಿದರೆ ಮತ್ತೆ ಹೊರಡುತ್ತದೆ. ಕಥೆ ಇನ್ನೂ ಬಾಕಿಯಿದ್ದು ಕೇಳುವವರ ಮಹಡಿ ಬಂದೇಬಿಡುತ್ತದೆ ಎನ್ನುವಾಗ ಅವನು ಜಾಲರಿ ಸರಿಸುತ್ತಿದ್ದ. ಎರಡು ಮಹಡಿಗಳ ನಡುವೆ ಸಿಕ್ಕಿಬಿದ್ದವರು ಕೇಳದೆ ಎಲ್ಲಿಗೆ ಹೋದಾರು? ಕಥೆ ಮುಗಿದಾಗ ಅಪಾಯದ ಗಂಟೆಯನ್ನು ಟ್ರಿಣ್ ಎನಿಸಿ ಮಂಗಳ ಹಾಡಿ ಮುಂದೆ ಹೊರಡುತ್ತಿದ್ದ. ಗಂಟೆ ಕೇಳಿದರೆ ಯಾವ ಮಹಡಿಯವರೂ ಕುರ್ಚಿಯಿಂದ ಏಳುತ್ತಿರಲಿಲ್ಲ. "ಯಾರೋ ಸಿಕ್ಕಿಹಾಕ್ಕೊಂಡ್ರು ಪಾಪ" ಎಂದು ನಕ್ಕು ತಮ್ಮ ಕೆಲಸ ಮುಂದುವರಿಸುತ್ತಿದ್ದರು.

ಆ ವರ್ಷ ಕಟ್ಟಡದ ತುಂಬ ಒಂದೇ ಮಾತು: ಫ್ರೇಮಿನವನು. ಎರಡು ಬೀದಿ ಆಚೆ ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿಯಲ್ಲಿ ಕೆಲಸಕ್ಕಿದ್ದ ಯುವಕ ಒಂದು ಮಧ್ಯಾಹ್ನ ಅಂಗಡಿಯ ಯಜಮಾನನ ತಲೆಗೆ ಸುತ್ತಿಗೆಯಿಂದ ಹೊಡೆದು ಕೊಂದಿದ್ದ. ಓಡಿಹೋಗಲಿಲ್ಲ. ಅಡಗಲಿಲ್ಲ. ಯಾಕೆ ಹೊಡೆದೆ ಎಂದು ನ್ಯಾಯಾಧೀಶರು ಕೇಳಿದ್ದಕ್ಕೆ "ಗೊತ್ತಿಲ್ಲ" ಎಂದ. ಜೀವಾವಧಿ ಶಿಕ್ಷೆಯಾಯಿತು. ಪೇಪರಿನಲ್ಲಿ ಬಂದ ಫೋಟೋದಲ್ಲಿ ಮುಖಕ್ಕೆ ಟವೆಲು ಹೊದಿಸಿದ್ದರು.

ಅವನು ಗೊತ್ತಿಲ್ಲ ಎಂದದ್ದೇ ತಡ, ಉಳಿದವರಿಗೆಲ್ಲ ಗೊತ್ತಾಗಿಬಿಟ್ಟಿತು. ರಾತ್ರಿ ಹಲ್ಲು ಕಡಿಯುವವರ ಸಿಟ್ಟು ದವಡೆಯಿಂದ ಮೆದುಳಿಗೆ ಏರುತ್ತದೆ ಎಂದರು ಡಾಕ್ಟರು. "ಎಡಗೈಯವನಂತೆ. ಎಡಗೈಯವರಿಗೆ ಶರ್ಟು ಹೊಲಿದು ನೋಡಿ, ಆಮೇಲೆ ಮಾತಾಡಿ" ಎಂದ ಟೈಲರು. ಟೈಪಿಂಗ್ ಮಾಡುವಾಕೆ ಕಥೆಯೊಳಗೆ ಒಬ್ಬ ಹುಡುಗಿಯನ್ನು ತಂದಳು. ಗುಮಾಸ್ತ ಆ ಹುಡುಗಿಗೆ ಅಣ್ಣನನ್ನು ತಂದ. ಹೀಗೆ ಊರಿಗೆ ಊರೇ ಫ್ರೇಮಿನವನ ತಲೆಯೊಳಗೆ ಓಡಾಡಿ ಬರುತ್ತಿರುವಾಗ, ದಿನಕ್ಕೆ ನೂರು ಸಲ ಏರಿಳಿಯುವ ಲಿಫ್ಟಿನವನು ಮಾತ್ರ ಕೆಳಗೇ ಉಳಿಯುವುದು ಸಾಧ್ಯವೇ?

"ನೀವೆಲ್ಲ ಪೇಪರ್ ಓದಿದೋರು. ನಾನು ಅವನ ಜೊತೆ ಹತ್ತಿ ಇಳಿದೋನು. ವಾರಕ್ಕೆ ಎರಡು ಸಲ ಫ್ರೇಮು ಎದೆಗೆ ಒತ್ತಿಕೊಂಡು ಬರ್ತಿದ್ದ. ಒಂದಿನ ಅವನ ಕಣ್ಣಲ್ಲಿ ನೀರು. ಯಾಕಪ್ಪಾ ಅಂದೆ. ಹೇಳಿದ ನೋಡಿ..." ಎನ್ನುತ್ತಿದ್ದ.

ಇಲ್ಲಿ ಜಾಲರಿ ಎರಡು ಬೆರಳು ಸರಿಯುತ್ತಿತ್ತು. ಫ್ರೇಮಿನವನು ಚಿಕ್ಕವನಿದ್ದಾಗ ಅವನ ತಾಯಿ ಅವನನ್ನು ಬೀರುವಿನೊಳಗೆ ಹಾಕಿ, ಬೀಗ ಜಡಿದು, ಕೀ ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಗೆ ಹೋಗುತ್ತಿದ್ದಳಂತೆ. ಅಂದಿನಿಂದ ಮುಚ್ಚಿದ ಬಾಗಿಲು ಕಂಡರೆ ಅವನಿಗೆ ತಲೆ ಕೆಡುತ್ತಿತ್ತಂತೆ. ಆ ಮಧ್ಯಾಹ್ನ ಯಜಮಾನ ಅಂಗಡಿಯ ಬಾಗಿಲು ಒಳಗಿನಿಂದ ಹಾಕಿದ. ಮುಗಿಯಿತು. ಟ್ರಿಣ್!

ಮೊದಲ ವಾರ ಆ ಬೀರು ಮರದ್ದಾಗಿತ್ತು. ಆಮೇಲೆ ಕಬ್ಬಿಣದ್ದಾಯಿತು. ಬೇಸಿಗೆಯ ಹೊತ್ತಿಗೆ ಅದರಲ್ಲಿ ಇಲಿಗಳು ಸೇರಿಕೊಂಡಿದ್ದವು. ಕಥೆ ಏಳು ಮಹಡಿಗೂ ಏರಿ, ಕೆಳಗಿಳಿದು, ಬೀದಿಗೆ ಬಿದ್ದು ಓಡಿತು. ಡಾಕ್ಟರ ದವಡೆ, ಟೈಲರನ ಎಡಗೈ ಎಲ್ಲವನ್ನೂ ಬೀರು ಒಂದೇ ತುತ್ತಿಗೆ ನುಂಗಿಹಾಕಿತು.

ಒಂದು ಬೆಳಗ್ಗೆ ನೆಲಮಹಡಿಯಲ್ಲಿ ಎರಡು ಚಪ್ಪಲಿ ಹತ್ತಿದವು. ಹೆಂಗಸಿನವು, ಹಳೆಯವು, ಒಂದರ ಪಟ್ಟಿಗೆ ಕಪ್ಪು ದಾರದ ಹೊಲಿಗೆ. ಹೊಸಬರು.

"ಎಷ್ಟನೇದು?"

"ಏಳು." ವಯಸ್ಸಾದ ದನಿ. "ಫ್ರೇಮಿನವನ ಕಥೆ ಹೇಳೋರು ನೀವೇನಾ?"

ಲಿಫ್ಟಿನವನ ಬೆನ್ನು ಎರಡು ಇಂಚು ಅಗಲವಾಯಿತು. ಕೀರ್ತಿ ಅಂದರೆ ಇದಪ್ಪಾ! "ನಾನೇ ತಾಯಿ. ಬೇರೆಯೋರು ಹೇಳೋದು ಬರೀ ಬೊಗಳೆ. ನನಗೆ ಅವನ ಬಾಯಿಂದಲೇ ಬಂದಿದ್ದು."

"ಹೇಳಿ ಮತ್ತೆ."

ಒಂದರಿಂದ ಎರಡಕ್ಕೆ ಫ್ರೇಮಿನವನನ್ನು ಲಿಫ್ಟು ಹತ್ತಿಸಿದ, ನಾಲ್ಕರ ಹೊತ್ತಿಗೆ ಅಳಿಸಿದ. ಐದು ದಾಟುತ್ತಲೇ ಜಾಲರಿ ಸರಿಸಿದ. ಲಿಫ್ಟು ಗಕ್ಕನೆ ನಿಂತಿತು. ಎದುರಿಗೆ ಬರೀ ಗೋಡೆ. ತಲೆಯ ಮೇಲೆ ಆರನೆಯ ಮಹಡಿಯ ನೆಲದ ಅಂಚು, ಅಲ್ಲಿಂದ ಒಂದು ಗೀಟಿನಷ್ಟು ಬೆಳಕು. ಅವನು ಬೀರು ತೆರೆದ. ಆ ದಿನ ಅವನಿಗೇ ಅಚ್ಚರಿಯಾಗುವಷ್ಟು ಚೆನ್ನಾಗಿ ಬಂತು. ಇಲಿಗಳ ಜೊತೆಗೆ ಒಂದು ಹಲ್ಲಿಯನ್ನೂ ಬಿಟ್ಟ.

"ಅಂಥ ತಾಯಿ ಇದ್ರೆ ಮಗ ಇನ್ನೇನಾಗ್ತಾನೆ ಹೇಳಿ?" ಎಂದು ಟ್ರಿಣ್ ಎನಿಸಿ ಜಾಲರಿ ಮುಚ್ಚಿದ.

ಲಿಫ್ಟು ಅಲುಗಲಿಲ್ಲ.

ತೆರೆದ, ಮುಚ್ಚಿದ. ಎಳೆದು ಬಡಿದ. ಗುಂಡಿಗಳನ್ನೆಲ್ಲ ಹಾರ್ಮೋನಿಯಮ್ಮಿನಂತೆ ಒತ್ತಿದ. ಸಾವಿರ ಸಲ ಎಳೆದು ಮುಚ್ಚಿ ಸವೆಸಿದ್ದ ಬಾಗಿಲಿನ ತಂತಿ ಕೊನೆಗೂ ಕೈಕೊಟ್ಟಿತ್ತು. ಗಂಟೆ ಒತ್ತಿ ಹಿಡಿದ. ಎಲ್ಲೋ ಮೇಲೆ ಯಾರೋ ನಕ್ಕರು.

"ಕಾಪಾಡ್ರೋ! ನಿಜವಾಗ್ಲೂ ನಿಂತಿದೆ!"

"ಬೀರುವಿಗೆ ಬೀಗ ಬಿತ್ತಾ?" ಎಂದು ನಾಲ್ಕರಿಂದ ಟೈಲರನ ದನಿ ಬಂತು. "ನಿಧಾನಕ್ಕೆ ಮುಗಿಸಪ್ಪಾ, ಅವಸರ ಇಲ್ಲ!"

ಬಲ್ಬು ಒಂದೆರಡು ಸಲ ಕಣ್ಣು ಹೊಡೆದು ಮಂಕಾಯಿತು. ಫ್ಯಾನು ನಿಂತಿತು. ಹದಿನೇಳು ವರ್ಷ ಅದೇ ಪೆಟ್ಟಿಗೆಯಲ್ಲಿ ಕೂತವನಿಗೆ ಅದು ಇಷ್ಟು ಚಿಕ್ಕದು ಎಂದು ಮೊದಲ ಸಲ ಗೊತ್ತಾಯಿತು. ಮೊಣಕಾಲು ಚಾಚಿದರೆ ಗೋಡೆ. ಕೈ ಎತ್ತಿದರೆ ಮಾಡು. ಬೆನ್ನ ಹಿಂದೆ ಆ ಹೆಂಗಸಿನ ಉಸಿರು, ಅವಸರವೇ ಇಲ್ಲದ ಉಸಿರು.

"ಹೆದರಬೇಡಿ ತಾಯಿ" ಎಂದ, ಹೆದರಿದವನು. "ಮೆಕ್ಯಾನಿಕ್ ಬರ್ತಾನೆ."

"ನಾನು ಹೆದರಿಲ್ಲ. ಇತ್ತ ತಿರುಗಿ."

"ಆಂ?"

"ನನ್ನ ಮುಖ ನೋಡಿ ಅಂದೆ."

ಸ್ಟೂಲಿನ ಮೇಲೆ ಅವನು ತಿರುಗಿದ. ಅಗಲವಾದ ಹಣೆ, ಒಂದು ಹುಬ್ಬನ್ನು ಅಡ್ಡ ಸೀಳಿದ ಮಚ್ಚೆ, ಒಂದು ಕಡೆಗೆ ತುಸು ಹೆಚ್ಚು ಬಾಗಿದ ತುಟಿ. ಒಮ್ಮೆ ನೋಡಿದರೆ ಮರೆಯಲಾಗದ ಮುಖ. ಅವನು ನೋಡಿದ. ನೋಡಿ, ಹಲ್ಲು ಕಿರಿದ.

"ಯಾರು ಅಂತ ಗೊತ್ತಾಗ್ಲಿಲ್ವಾ?"

"ಇಲ್ಲ ತಾಯಿ. ವಕೀಲರ ಕಡೆಯೋರಾ?"

"ನನ್ನ ಮಗ ನನ್ನದೇ ಅಚ್ಚು. ಈ ಮಚ್ಚೆ ಕೂಡ ಅದೇ ಜಾಗದಲ್ಲಿ. ಕೋರ್ಟಿನ ಹೊರಗೆ ನನ್ನ ಮುಖ ನೋಡಿಯೇ ಜನ ದಾರಿ ಬಿಟ್ಟರು. ಅಂಗಡಿಗೆ ಒಂದೇ ಒಂದು ಸಲ ಬಂದು ಫೋಟೋ ಕಟ್ಟಿಸಿಕೊಂಡು ಹೋದೋರೂ ಬೀದೀಲಿ ನನ್ನ ಗುರುತು ಹಿಡೀತಾರೆ. ನೀವು ವಾರಕ್ಕೆ ಎರಡು ಸಲ ನೋಡ್ತಿದ್ರಿ. ಕಣ್ಣಲ್ಲಿ ನೀರು ಬೇರೆ ನೋಡಿದ್ರಿ."

ಲಿಫ್ಟಿನವನ ಬಾಯಿ ತೆರೆದೇ ಇತ್ತು. ಚಂದ್ರನಿಗೆ ಹೋಗಿ ಬಂದ ಬಾಯಿ. ಓಡಿಹೋಗೋಣವೆಂದರೆ ಬಾಗಿಲಿನಾಚೆ ಗೋಡೆ. ಊರಿನವರನ್ನೆಲ್ಲ ಹಿಡಿದು ನಿಲ್ಲಿಸಿದ ಜಾಗದಲ್ಲಿ ಈಗ ಅವನೇ ಸಿಕ್ಕಿಬಿದ್ದಿದ್ದ.

"ನಾನು ಜಗಳಕ್ಕೆ ಬಂದಿಲ್ಲ" ಎಂದಳು ಫ್ರೇಮಿನವನ ತಾಯಿ. "ನಿಮ್ಮ ಬೀರು ನಮ್ಮ ಬೀದಿಗೆ ಬಂತು, ಸುಮ್ಮನಿದ್ದೆ. ನನ್ನ ತಂಗಿ ಮನೆಗೆ ಬರೋದು ಬಿಟ್ಟಳು, ಆಗಲೂ ಸುಮ್ಮನಿದ್ದೆ. ಹೋದ ಸಲ ಜೈಲಿಗೆ ಹೋದಾಗ ಜಾಲರಿ ಆಚೆಯಿಂದ ಮಗ ಕೇಳಿದ: ಅಮ್ಮಾ, ನೀನು ನನ್ನನ್ನ ಬೀರುವಿನಲ್ಲಿ ಕೂಡಿ ಹಾಕ್ತಿದ್ಯಂತೆ, ಹೌದಾ? ಅಲ್ಲಿ ಯಾರೋ ಹೇಳಿದರಂತೆ. ಇಲ್ಲ ಕಣೋ ಅಂದೆ. ಇಲ್ಲಮ್ಮಾ, ನಂಗೂ ಸ್ವಲ್ಪ ನೆನಪಿದೆ, ಕತ್ತಲೆ ಇತ್ತು ಅಂದ. ಅದಕ್ಕೇ ಇರಬೇಕು ಅಂದ. ಅವನಿಗೆ ಒಂದು ಕಾರಣ ಸಿಕ್ಕಿಬಿಟ್ಟಿದೆ ನೋಡಿ. ಎಷ್ಟು ಸಮಾಧಾನದಲ್ಲಿದ್ದ ಗೊತ್ತಾ?"

ಮೇಲೆ ಯಾರೋ ಬಾಗಿಲು ತಟ್ಟಿದರು. "ಕಥೆ ಮುಗೀತೇನ್ರೀ?" ಎಂದ ಗುಮಾಸ್ತ.

"ಈಗ ರಾತ್ರಿ ಮಲಗಿದರೆ ನನಗೂ ಬೀರು ಕಾಣುತ್ತೆ" ಎಂದಳು ಅವಳು, ದನಿ ತಗ್ಗಿಸಿ. "ನಾನು ಕೆಲಸಕ್ಕೆ ಹೋಗೋಳು. ಅವನನ್ನ ಪಕ್ಕದ ಮನೇಲಿ ಬಿಟ್ಟು ಹೋಗ್ತಿದ್ದೆ. ಎಂದಾದರೂ ಸಿಟ್ಟಲ್ಲಿ ಹಾಕಿದ್ನಾ? ಮರೆತೆನಾ? ನಮ್ಮ ಮನೇಲಿ ಬೀರೂ ಇರಲಿಲ್ಲ, ಇತ್ತೇನೋ ಅನ್ನಿಸೋ ಹಾಗೆ ಆಗಿದೆ. ಅವನು ನಿಮಗೆ ಹೇಳಿದ್ದು ನಿಜವಾದರೆ ನಾನು ಹಾಕಿದ್ದೇ ಸರಿ. ಅದಕ್ಕೇ ಬಂದೆ. ಹೇಳಿಬಿಡಿ. ಅವನು ನಿಮಗೆ ಏನಂದ?"

ಲಿಫ್ಟಿನವನು ಗುಂಡಿಗಳ ಕಡೆಗೆ ತಿರುಗಲು ಹೋದ. ಅವಳು ಸ್ಟೂಲಿನ ಅಂಚನ್ನು ಕಾಲಿನಿಂದ ಒತ್ತಿ ಹಿಡಿದಿದ್ದಳು.

"ಏನೂ ಅನ್ನಲಿಲ್ಲ" ಎಂದ. ಬೆವರು ಕಣ್ಣಿಗಿಳಿಯಿತು.

"ಜೋರಾಗಿ. ಅವರಿಗೂ ಕೇಳಲಿ."

ಅವನು ಬೆಳಕಿನ ಗೀಟಿನ ಕಡೆಗೆ ಮುಖ ಎತ್ತಿ ಕೂಗಿದ. "ಬೀರು ಇಲ್ಲ ಕಣ್ರೋ! ನಾನೇ ಕಟ್ಟಿದ್ದು! ಸುಳ್ಳು!"

ಮೇಲಿಂದಲೂ ಕೆಳಗಿನಿಂದಲೂ ನಗು ಉಕ್ಕಿತು. ಚಪ್ಪಾಳೆ ಬಿತ್ತು. "ಇವತ್ತು ಹೊಸ ತಿರುವು!" ಎಂದ ಟೈಲರು. "ಹಾಗಾದ್ರೆ ಮುಂದೇನಾಯ್ತು, ಹೇಳು!"

ಅವನು ತಲೆ ಕೆಳಗೆ ಹಾಕಿದ. ಜೀವಮಾನದಲ್ಲಿ ಅವನು ಹೇಳಿದ ಒಂದೇ ಒಂದು ನಿಜಕ್ಕೆ ಅಷ್ಟು ದೊಡ್ಡ ಚಪ್ಪಾಳೆ.

"ಅವರು ನಂಬದಿದ್ರೆ ಬಿಡಲಿ" ಎಂದಳು ತಾಯಿ. "ಭೇಟಿ ದಿನ ನನ್ನ ಜೊತೆ ಬನ್ನಿ. ಅವನಿಗೆ ಹೇಳಿ. ನಾನು ಹೇಳಿದರೆ ತಾಯಿ ತಪ್ಪಿಸಿಕೊಳ್ತಾಳೆ ಅಂತಾನೆ."

"ಕಾರಣ ಕಿತ್ಕೊಂಡ ಹಾಗಾಗಲ್ವಾ?"

"ಅವನದಲ್ಲದ್ದು ಅವನಿಗೆ ಯಾಕೆ? ಹೇಗೆ ಹೇಳ್ತೀರಿ, ಈಗ ಹೇಳಿ ತೋರಿಸಿ. ಬಣ್ಣ ಹಚ್ಚಬೇಡಿ. ನನ್ನನ್ನ ನೋಡ್ಕೊಂಡು ಹೇಳಿ. ಹೇಗೂ ಇದೇ ಮುಖ."

ಲಿಫ್ಟಿನವನು ಎದ್ದು ನಿಂತ. ಅಷ್ಟು ಹತ್ತಿರದಿಂದ ಅವನು ಯಾರ ಮುಖವನ್ನೂ ನೋಡಿರಲಿಲ್ಲ. ಮಚ್ಚೆ, ಹುಬ್ಬು, ಬಾಗಿದ ತುಟಿ. ಕೈ ತಾನಾಗಿಯೇ ಗಂಟೆಯ ಕಡೆಗೆ ಹೋಯಿತು, ಹಿಂದಕ್ಕೆ ಎಳೆದುಕೊಂಡ.

"ಅಪ್ಪಾ" ಎಂದ. ಮೊದಲ ಸಲ ದನಿ ಸಣ್ಣದಾಗಿ ಬಂತು. "ನಾನು ನಿನ್ನನ್ನ ನೋಡೇ ಇಲ್ಲ. ನೀನು ನನ್ನ ಲಿಫ್ಟಿಗೆ ಬಂದಿದ್ಯೋ ಇಲ್ವೋ, ಅದೂ ಗೊತ್ತಿಲ್ಲ. ಬಂದಿದ್ರೂ ನಾನು ತಿರುಗಿ ನೋಡ್ತಿರಲಿಲ್ಲ. ನೀನು ಯಾಕೆ ಹೊಡೆದೆಯೋ ನನಗೆ ಗೊತ್ತಿಲ್ಲ. ನಿಮ್ಮಮ್ಮ ಯಾವ ಬೀರುವಿಗೂ ಬೀಗ ಹಾಕಿಲ್ಲ."

"ಮತ್ತೆ ಆ ಬೀರು ಎಲ್ಲಿಂದ ಬಂತು ಅಂತ ಕೇಳ್ತಾನೆ."

ಅವನು ಮಂಕು ಬಲ್ಬನ್ನು, ಸವೆದ ಜಾಲರಿಯನ್ನು, ಅದರಾಚೆಗಿನ ಗೋಡೆಯನ್ನು ನೋಡಿದ.

"ಇದೇ ಕಣಪ್ಪಾ ಅದು. ಬೆಳಗ್ಗೆ ಹತ್ತಿ ಕೂತರೆ ಸಂಜೆ ತನಕ ಇದರೊಳಗೆ. ಒಬ್ಬ ಮನುಷ್ಯನಿಗೆ ಇನ್ನೊಬ್ಬನ ತಲೆ ಒಡೆಯೋಷ್ಟು ಸಿಟ್ಟು ಯಾಕೆ ಬರುತ್ತೆ ಅಂತ ಅವರೆಲ್ಲ ಕೇಳಿದಾಗ ನನಗೆ ಹೊಳೆದಿದ್ದು ಇದೊಂದೇ. ಬೀರು ನಂದು."