ಬಚ್ಚಲ ಕಿಟಕಿಯ ಬಾಟಲಿ

ಹೆರಿಗೆಯ ನಂತರ ಶೀತಲ್‌ಳ ಕೆನ್ನೆಯ ಮೇಲೆ ಬಂಗು ಎದ್ದಿತ್ತು. ಮುಂಡರಗಿಯ ಡಾಕ್ಟರು ಬಿಸಿಲಿಗೆ ಹಚ್ಚಿಕೊಳ್ಳುವ ಕ್ರೀಮು ಬರೆದುಕೊಟ್ಟಿದ್ದರು. ಚೆಂಡುಹೂ ಬಿಡಿಸಲು ಹೊಲಕ್ಕೆ ಹೋಗುವಾಗ ಅದನ್ನು ಮುಖ ಬೆಳ್ಳಗಾಗುವಷ್ಟು ದಪ್ಪಗೆ ಬಳಿದುಕೊಳ್ಳುವಳು. ಅತ್ತೆ ಶಾರದವ್ವನಿಗೆ ಆ ಟ್ಯೂಬು ಮನೆಗೆ ಬಂದ ದಿನದಿಂದಲೂ ಸಂಶಯ. ಐದು ತಿಂಗಳ ಮೊಮ್ಮಗ ಮೊಲೆ ಕುಡಿಯುತ್ತ ನಡುವೆ ಬಾಯಿ ಬಿಟ್ಟು ಅತ್ತರೆ ಸಾಕು, ಅವಳ ಕಣ್ಣು ಗೋಡೆಯ ಗೂಡಿನಲ್ಲಿದ್ದ ಟ್ಯೂಬಿನ ಕಡೆ ಹೋಗುತ್ತಿತ್ತು.

“ಮೈಗೆ ಹಚ್ಚಿದ್ದು ಮೈಯೊಳಗ ಹೋಗದ ಮತ್ತೆಲ್ಲಿ ಹೋಕ್ಕೈತಿ? ಹಾಲಿಗೆ ಇಳೀತೈತಿ. ಕೂಸಿಗೆ ಆಕಳ ಹಾಲು ರೂಢಿ ಮಾಡೂಣು,” ಎಂದು ಮಗ ಮೌನೇಶನ ಕಿವಿಯಲ್ಲಿ ದಿನಾ ಹಾಕುವಳು.

ಹೀಗಿರುವಾಗ ಗದಗಿನಿಂದ ಮೇಧಾ ಎಂಬ ಹುಡುಗಿ ಬಂದಳು. ಇಂಥ ಕ್ರೀಮುಗಳ ರಾಸಾಯನಿಕ ಮೈಯೊಳಗೆ ಎಷ್ಟು ಇಳಿಯುತ್ತದೆ ಎಂದು ಅಭ್ಯಾಸ ಮಾಡುತ್ತಿದ್ದಳಂತೆ. ಹಚ್ಚಿಕೊಳ್ಳುವವರ ಮೂತ್ರ ಬೇಕಂತೆ. ಶೀತಲ್ ಕೂಡಲೇ ಒಪ್ಪಿದಳು. “ತಪಾಸ ಆಗಲಿ. ಏನೂ ಇಲ್ಲಂದ್ರ ಅತ್ತಿ ಬಾಯಿ ಮುಚ್ತಾರ,” ಎಂದು ಗಂಡನಿಗೆ ಹೇಳಿದ್ದು ಶಾರದವ್ವನಿಗೂ ಕೇಳಿಸಿತು.

ಮರುದಿನ ಶೀತಲ್ ಮೇಧಾ ಕೊಟ್ಟ ಬಾಟಲಿ ತುಂಬಿ ಬಚ್ಚಲ ಕಿಟಕಿಯಲ್ಲಿಟ್ಟು ಹೊಲಕ್ಕೆ ಹೋದಳು. ಮೇಧಾ ಅದನ್ನು ಒಯ್ಯಲು ಒಂಬತ್ತಕ್ಕೆ ಬರುವವಳಿದ್ದಳು. ಶಾರದವ್ವ ಬಾಟಲಿ ನೋಡುತ್ತ ನಿಂತಳು. ಕೂಸಿಗೆ ಹಲ್ಲು ಬರುವ ತನಕ ತಾಯಿಯ ಕೂದಲು, ಉಗುರು, ಉಟ್ಟ ಬಟ್ಟೆಯ ಚೂರು, ಯಾವುದೂ ಪರರ ಕೈಗೆ ಹೋಗಬಾರದೆಂಬುದು ಆ ಮನೆಯಲ್ಲಿ ನಡೆದು ಬಂದದ್ದು. ಗುರುತಿಲ್ಲದ ಹುಡುಗಿ, ಇದನ್ನು ಒಯ್ದು ಏನು ಮಾಡುವಳೋ. ಬಾಟಲಿಯನ್ನು ಮೋರಿಗೆ ಸುರಿದು, ತೊಳೆದು, ತನ್ನದನ್ನೇ ತುಂಬಿಸಿ, ಮುಚ್ಚಳ ಬಿಗಿದು ಅಲ್ಲೇ ಇಟ್ಟಳು. ಆಮೇಲೆ ಜಳಕ ಮಾಡಿ, ಎಂದಿನಂತೆ ಕುಂಕುಮ ನಿಲ್ಲಲೆಂದು ಹಣೆಗೆ, ಮುಖಕ್ಕೆ ಡಬ್ಬಿಯ ಬಿಳಿ ಸ್ನೋ ಸವರಿಕೊಂಡು, ಅದೇ ಕೈಯಿಂದ ಕೂಸಿಗೆ ಎಣ್ಣೆ ಹಚ್ಚಲು ಕೂತಳು.

ಒಂದೂವರೆ ತಿಂಗಳಾದ ಮೇಲೆ ಮೇಧಾ ಕಾಗದ ಹಿಡಿದು ಬಂದಳು.

“ಶೀತಲ್ ಅವರದರಾಗ ಕ್ರೀಮಿನ ರಾಸಾಯನಿಕ ಸಿಕ್ಕೈತ್ರಿ. ಜಾಸ್ತೀನ ಐತಿ. ಆದ್ರ ಇದರಿಂದ ಏನಾಗತೈತಿ ಅಂತ ಇನ್ನೂ ಪೂರಾ ಗೊತ್ತಿಲ್ರಿ. ಹಾಲು ಮಾತ್ರ ಬಿಡಿಸಬ್ಯಾಡ್ರಿ.”

ಕೊನೆಯ ಮಾತು ಮೌನೇಶನ ಕಿವಿಗೆ ಹೋಗಲೇ ಇಲ್ಲ. “ಉಚ್ಚಿಯೊಳಗ ಬಂದದ್ದು ಹಾಲಿನ್ಯಾಗ ಬರಾಂಗಿಲ್ಲೇನ್ರಿ? ಅವ್ವ ಹೇಳಿದ್ದ ಖರೆ ಆತು.” ಗೂಡಿನ ಟ್ಯೂಬು ತೆಗೆದು ಹಿತ್ತಲ ತಿಪ್ಪೆಗೆ ಎಸೆದು ಬಂದ. “ಇವತ್ತಿಂದ ಆಕಳ ಹಾಲು.”

ಶೀತಲ್ ಕೂಸನ್ನು ಅತ್ತೆಯ ತೊಡೆಗೆ ಹಾಕಿ, ಗೋಡೆಯ ಕಡೆ ಮುಖ ಮಾಡಿ ಕೂತಳು. ಅವಳ ಕುಪ್ಪಸ ಒದ್ದೆಯಾಗುತ್ತಿತ್ತು.

ತನ್ನ ಮಾತೇ ನಡೆಯಿತೆಂದು ಶಾರದವ್ವನಿಗೆ ಖುಷಿಯಾಗಬೇಕಿತ್ತು. ಆದರೆ ಬಾಟಲಿಯಲ್ಲಿದ್ದದ್ದು ತನ್ನದು. ಆ ಟ್ಯೂಬನ್ನು ಅವಳು ಬೆರಳಿನಿಂದಲೂ ಮುಟ್ಟಿದವಳಲ್ಲ. ಎಲ್ಲಿಂದ ಬಂತು? ನೀರಿನಿಂದಲೋ? ಸೊಸೆ ಏನಾದರೂ ಕಲಸಿಕೊಟ್ಟಳೋ? ಈ ಹುಡುಗಿಯೇ ಸುಳ್ಳು ಹೇಳುತ್ತಿರುವಳೋ? ಅಷ್ಟರಲ್ಲಿ ಕೂಸು ಅವಳ ಬೆರಳು ಹಿಡಿದು ಬಾಯಿಗೆ ಹಾಕಿಕೊಂಡು ಚೀಪತೊಡಗಿತು. ಶಾರದವ್ವ ಸರಕ್ಕನೆ ಬೆರಳು ಕಿತ್ತುಕೊಂಡಳು.

ಕೂಸನ್ನು ಚಾಪೆಯ ಮೇಲೆ ಬಿಟ್ಟು ಒಳಗೆ ಹೋಗಿ, ಸ್ನೋ ಡಬ್ಬಿ ತಂದು ಮೇಧಾಳ ಮುಂದೆ ಹಿಡಿದಳು.

“ಇದರ ಮ್ಯಾಲ ಏನ ಬರದೈತಿ, ಓದವಾ.”

ಮೇಧಾ ಸಣ್ಣ ಅಕ್ಷರಗಳನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿದಳು. “ಇದರಾಗೂ ಅದ ರಾಸಾಯನಿಕ ಐತಲ್ರಿ. ಯಾರ ಹಚ್ಕೋತಾರ?”

“ನಾನು. ಇಪ್ಪತ್ತ ವರ್ಷಾತು.” ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಂಡು, “ಆ ಬಾಟ್ಲಿನೂ ನಂದ. ಆಕೀದು ನಾನ ಚೆಲ್ಲಿದೆ,” ಎಂದಳು.

ಮೌನೇಶ ತಾಯಿಯನ್ನು ನೋಡಿದ, ಹೆಂಡತಿಯ ಬೆನ್ನನ್ನು ನೋಡಿದ.

“ತಿಪ್ಪಿಯೊಳಗ ಆ ಟ್ಯೂಬ ಹುಡುಕ್ಕೊಂಡ ಬರ್ರಿ,” ಎಂದಳು ಶೀತಲ್, ತಿರುಗದೆ.

“ಹಂಗಾರ ನಿಮ್ಮದು ಇನ್ನೊಮ್ಮಿ ಬೇಕಾಕ್ಕೈತ್ರಿ,” ಎಂದಳು ಮೇಧಾ, ಶೀತಲ್‌ಗೆ.

“ಕೊಡ್ತೀನಿ. ಈ ಸಲ ಬಾಟ್ಲಿ ಕೈಯಾಗ ಹಿಡಕೊಂಡ ಕುಂಡರತೀನಿ.”

ಶೀತಲ್ ಕೂಸನ್ನೆತ್ತಿ ಸೆರಗಿನೊಳಗೆ ತೆಗೆದುಕೊಂಡಳು. ಅದು ಗಟಗಟನೆ ಕುಡಿಯತೊಡಗಿತು. ಕಟವಾಯಿಯಲ್ಲಿ ಇಳಿದ ಹಾಲು ಒರೆಸಲೆಂದು ಶಾರದವ್ವ ಕೈ ಚಾಚಿದಳು.

“ತಡೀರಿ ಅತ್ತಿ,” ಎಂದಳು ಸೊಸೆ. “ಮೊದಲ ಕೈ ತೊಳಕೊಂಡ ಬರ್ರಿ.”