ಮೊದಲೇ ಕೊಟ್ಟ ಟವೆಲ್

ಫೋನ್ ಎತ್ತದವರ ಮೇಲೆ ಬರುವಷ್ಟು ಸಿಟ್ಟು ನನಗೆ ಇನ್ನಾರ ಮೇಲೂ ಬರುವುದಿಲ್ಲ. ಒಸಾಕಾದ ಪೂರ್ವಕ್ಕೆ, ಫುಸೆ ಸ್ಟೇಷನ್ನಿನ ಪಕ್ಕದ ಅಂಗಡಿಬೀದಿಯಲ್ಲಿ, ಬಾಡಿಗೆ ಮನೆ ಹುಡುಕಿಕೊಡುವ ಅಂಗಡಿ ನನ್ನದು. ಅಪ್ಪ ಬಿಟ್ಟುಹೋದದ್ದು. ಗಿರಾಕಿಯನ್ನು ಬೆಂಚಿನ ಮೇಲೆ ಕೂರಿಸಿ, ಕಟ್ಟಡ ನೋಡಿಕೊಳ್ಳುವ ಮ್ಯಾನೇಜರನಿಗೆ ಫೋನ್ ಮಾಡಿ, ಮನೆ ಇನ್ನೂ ಖಾಲಿ ಇದೆಯೇ ಎಂದು ಕೇಳುವುದೇ ಅರ್ಧ ಕೆಲಸ. ಖಾಲಿ ಇರುತ್ತದೆ. ಗಿರಾಕಿಯ ವಯಸ್ಸು ಹೇಳಿದ ಕೂಡಲೇ, "ಅಯ್ಯೋ, ಈಗಷ್ಟೇ ಹೋಯ್ತಲ್ಲ" ಅನ್ನುತ್ತಾರೆ. ಮತ್ತೆ ನನ್ನ ನಂಬರ್ ಕಂಡರೆ ಎತ್ತುವುದೇ ಇಲ್ಲ.

ಹಿಗುಚಿ-ಸಾನ್ ಎಂಬ ಅಜ್ಜಿಗೆ ವಯಸ್ಸು ಎಪ್ಪತ್ತೆಂಟು. ಹಿಂದೆ ಮುಂದೆ ಯಾರೂ ಇಲ್ಲ. ಅವರಿದ್ದ ಹಳೆಯ ಮರದ ಕಟ್ಟಡವನ್ನು ವಸಂತಕ್ಕೆ ಮುಂಚೆ ಕೆಡವುವವರಿದ್ದರು. ಅಷ್ಟರೊಳಗೆ ಮನೆ ಸಿಗದಿದ್ದರೆ ಬೀದಿಯೇ ಗತಿ. ಚಳಿಗಾಲವೆಲ್ಲ ಬೆಂಚಿನ ಮೇಲೆ ಕೂತು ನನ್ನ ಫೋನ್ ಮಾತು ಕೇಳುತ್ತಿದ್ದರು. ಪ್ರತಿ ಸಲ ನಾನು ಫೋನ್ ಕುಕ್ಕಿದಾಗಲೂ ಚೀಲದಿಂದ ಒಂದು ಪೆಪ್ಪರ್‌ಮಿಂಟ್ ತೆಗೆದು ಮೇಜಿನ ಮೇಲೆ ಇಡುತ್ತಿದ್ದರು.

"ಬಾಯಿಗೆ ಹಾಕ್ಕೋ ತಾಯಿ. ಬೈಯೋದಾದ್ರೂ ತಪ್ಪುತ್ತೆ."

ಕೊನೆಗೆ ಉಳಿದದ್ದು ಅರಿಮುರಾ ಎಂಬ ಮ್ಯಾನೇಜರನ ಕಟ್ಟಡ. ಅವನೊಮ್ಮೆ ಎತ್ತಿದ್ದ. "ವಯಸ್ಸಾದೋರು ಒಳಗೇ ಸತ್ತುಬಿದ್ರೆ ನಮಗೆ ಗೊತ್ತಾಗೋದು ವಾಸನೆ ಬಂದ್ಮೇಲೆ. ಆಮೇಲೆ ಆ ಮನೆಗೆ ನಾಯಿನೂ ಬರಲ್ಲ. ನೀವೇ ಹೇಳಿ," ಅಂದವನು ಫೋನ್ ಇಟ್ಟುಬಿಟ್ಟ. ಆಮೇಲೆ ರೆಕಾರ್ಡು ಮಾಡಿಟ್ಟ ದನಿ ಮಾತ್ರ: ಮನೆ ನೋಡುವವರಿಗೆ ಬೀಗದಕೈ ಗ್ಯಾಸ್ ಮೀಟರಿನ ಹಿಂದಿದೆ. ಮನುಷ್ಯ ಸಿಗದಿದ್ದರೂ ಬೀಗದಕೈ ಸಿಕ್ಕಿತಲ್ಲ, ನಡೆಯಿರಿ ಎಂದು ಹಿಗುಚಿ-ಸಾನ್‌ರನ್ನು ಕರೆದುಕೊಂಡು ಹೋದೆ.

ಮೂರನೇ ಮಹಡಿ, ಒಂದೇ ಕೋಣೆ, ಒಳ್ಳೆ ಬಿಸಿಲು. ಬಟ್ಟೆ ಒಗೆಯುವ ಯಂತ್ರ ಹಿಡಿಸುತ್ತದೆಯೇ ಎಂದು ನಾನು ಟೇಪು ಹಿಡಿದು ಬಗ್ಗಿದ್ದೆ. ತಲೆ ಎತ್ತಿದರೆ ಅಜ್ಜಿ ಇಲ್ಲ. ಹೊರಗೆ ಪಕ್ಕದ ಮನೆಯ ಬಾಗಿಲಲ್ಲಿ ನಡು ಬಗ್ಗಿಸಿ ನಿಂತು, ಹೆಸರು ಬರೆದ ಕಾಗದ ಸುತ್ತಿದ ಬಿಳೀ ಟವೆಲ್ಲೊಂದನ್ನು ಎರಡೂ ಕೈಯಲ್ಲಿ ನೀಡುತ್ತಿದ್ದರು. ಹೊಸದಾಗಿ ಬಂದವರು ಅಕ್ಕಪಕ್ಕದವರಿಗೆ ಕೊಡುವ ಟವೆಲ್! ಅದೇ ಕೊನೆಯ ಬಾಗಿಲು. ಇನ್ನೊಂದು ಪಕ್ಕ, ಮೇಲೆ, ಕೆಳಗೆ, ಎಲ್ಲ ಆಗಲೇ ಮುಗಿಸಿಬಿಟ್ಟಿದ್ದರು.

ಓಡಿಹೋಗಿ ಅವರನ್ನು ಈಚೆ ಎಳೆದೆ. "ಅಜ್ಜೀ! ಮನೆ ಇನ್ನೂ ಕೊಟ್ಟಿಲ್ಲ. ಕೊಡೋದೂ ಇಲ್ಲ! ಬಂದ ಮೇಲೆ ಕೊಡೋದನ್ನ ಮೊದಲೇ ಕೊಡ್ತಾರಾ ಯಾರಾದ್ರೂ?"

ಅವರು ಮೆಟ್ಟಿಲ ಮೇಲೆ ಕೂತರು.

"ಈಗಿರೋ ಮನೇಲಿ ನಾನು ಟವೆಲ್ ಕೊಟ್ಟಿರ್ಲಿಲ್ಲ ತಾಯಿ. ಆಮೇಲೆ ಕೊಟ್ರಾಯ್ತು ಅಂದ್ಕೊಂಡೆ, ಆಮೇಲೆ ನಾಚಿಕೆ ಆಯ್ತು. ಪಕ್ಕದ ಗೋಡೆಯಾಚೆ ಟಿವಿ ಹಗಲು ರಾತ್ರಿ ಓಡ್ತಾನೇ ಇತ್ತು. ಪರಿಚಯ ಇಲ್ಲದೋರ ಬಾಗಿಲು ಹೆಂಗೆ ತಟ್ಟೋದು ಅಂತ ಸುಮ್ಮನಿದ್ದೆ. ಆಯಪ್ಪ ಒಳಗೆ ಸತ್ತು ಎಷ್ಟೋ ದಿನ ಆಗಿತ್ತು." ಚೀಲವನ್ನು ಮಡಿಲಿಗೆ ಎಳೆದುಕೊಂಡರು. "ನಂಗೆ ಸಾಯೋಕೆ ಭಯ ಇಲ್ಲ. ಹಂಗೆ ಬಿದ್ದಿರೋಕೆ ಭಯ."

ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅಳು ಬಂತು, ಟೇಪು ಸುತ್ತುವ ನೆಪದಲ್ಲಿ ಆಚೆ ತಿರುಗಿದೆ.

ಅಂದೇ ಅರ್ಜಿ ಕಳಿಸಿದೆ. ಅರಿಮುರಾನಿಂದ ಸದ್ದಿಲ್ಲ. ಮತ್ತೆ ಮತ್ತೆ ಫೋನ್ ಮಾಡಿದೆ, ಅದೇ ರೆಕಾರ್ಡು ದನಿ. ಅಜ್ಜಿಯಿದ್ದ ಹಳೇ ಕಟ್ಟಡದ ಸುತ್ತ ಕೆಡವುವವರು ಆಗಲೇ ತಗಡು ನಿಲ್ಲಿಸಲು ಶುರುಮಾಡಿದ್ದರು.

ಒಂದು ಮಧ್ಯಾಹ್ನ ಫೋನ್ ಬಡಿದುಕೊಂಡಿತು. ಅರಿಮುರಾ! ಅವನಾಗಿಯೇ!

"ನೀವೇನ್ರೀ ಮಾಡಿಟ್ಟಿದ್ದೀರಾ? ನನ್ನ ಬಾಡಿಗೆದಾರರು ನನ್ನ ಜೀವ ತಿಂತಾ ಇದ್ದಾರೆ!"

ಪಕ್ಕದ ಮನೆಯ ಕಾಜಿ-ಸಾನ್, ಸ್ಕ್ರೂ ಕಾರ್ಖಾನೆಯಿಂದ ನಿವೃತ್ತರಾದವರು, ಟವೆಲ್ಲಿಗೆ ಪ್ರತಿಯಾಗಿ ಅಕ್ಕಿ ಬಿಸ್ಕತ್ತಿನ ಡಬ್ಬಿ ತಂದಿಟ್ಟು ಕಾದಿದ್ದರಂತೆ. ಕೊಡೋಣವೆಂದರೆ ಅಜ್ಜಿ ಬರಲೇ ಇಲ್ಲ. ಕೊನೆಗೆ ಅರಿಮುರಾನಿಗೇ ಫೋನ್ ಮಾಡಿ ಕೇಳಿದ್ದರು. ಬಾಡಿಗೆ ಕಟ್ಟುವವರ ಫೋನನ್ನು ಅರಿಮುರಾ ಎತ್ತದಿರುವ ಹಾಗಿಲ್ಲ. "ಅವಮ್ಮನ ಟವೆಲ್ಲಲ್ಲಿ ಮುಖ ಒರೆಸ್ಕೊಂಡಾಯ್ತು. ಈಗ ಅವಳನ್ನ ಬರಬೇಡ ಅಂದ್ರೆ ನನ್ನ ಮಾನ ಏನಾಗಬೇಕು?" ಎಂದು ಕಾಜಿ-ಸಾನ್ ಕೂಗಾಡಿದ್ದರು. ಮೇಲಿನವರೂ ಕೆಳಗಿನವರೂ ಅದನ್ನೇ ಹೇಳಿದ್ದರು.

"ಏನಾದ್ರೂ ಆದ್ರೆ ಯಾರಿಗೆ ಫೋನ್ ಮಾಡಲಿ? ಒಂದು ಹೆಸರು ಬೇಕಲ್ಲ," ಎಂದು ಅರಿಮುರಾ ಗೊಣಗಿದ.

"ಕಾಜಿ-ಸಾನ್‌ರನ್ನೇ ಕೇಳಿ," ಅಂದೆ. ಅವರು ಒಪ್ಪಿಕೊಂಡರು.

ಮನೆ ಸಿಕ್ಕಿತು. ಅಜ್ಜಿ ಬೆಳಿಗ್ಗೆ ಎದ್ದ ಕೂಡಲೇ ಅಂಥದೇ ಒಂದು ಟವೆಲ್ಲನ್ನು ಬಾಲ್ಕನಿಯ ಕಂಬಿಗೆ ಹಾಕುತ್ತಿದ್ದರು. ಕಾಣದಿದ್ದರೆ ಬಾಗಿಲು ತಟ್ಟಿ ಎಂದು ಕಾಜಿ-ಸಾನ್‌ಗೆ ಹೇಳಿಟ್ಟಿದ್ದರು. ಕಾಜಿ-ಸಾನ್ ತಮ್ಮದನ್ನೂ ಹಾಕತೊಡಗಿದರು. ರೈಲಿನಲ್ಲಿ ಹೋಗುವಾಗ ಆ ಟವೆಲ್ಲುಗಳು ನನಗೂ ಕಾಣುತ್ತಿದ್ದವು.

ಎರಡನೇ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಕಂಬಿಯ ಮೇಲೆ ಟವೆಲ್ ಇರಲಿಲ್ಲ. ಕಾಜಿ-ಸಾನ್ ತಟ್ಟಿದರು, ಕೂಗಿದರು, ಅರಿಮುರಾನಿಗೆ ಹೇಳಿದರು. ಅವನು ಸೈಕಲ್ ತುಳಿದುಕೊಂಡು ಬೀಗದಕೈ ತಂದ. ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು. ಹಾಸಿಗೆ ಇನ್ನೂ ಬೆಚ್ಚಗಿತ್ತಂತೆ. ನಾನು ಅಂಗಡಿ ಮುಚ್ಚಿ ಓಡಿದಾಗ ಮೇಲಿನವರು, ಕೆಳಗಿನವರು ಎಲ್ಲ ಸುತ್ತ ಕೂತಿದ್ದರು. ಅರಿಮುರಾ ಬಾಗಿಲ ಹತ್ತಿರ ಟೋಪಿ ತೆಗೆದು ನಿಂತಿದ್ದ. ನನ್ನ ಮುಖ ನೋಡಲಿಲ್ಲ.

ಅವನು ಹೆದರಿದ್ದೇ ಆಯಿತು. ಇನ್ನು ಯಾವ ಮುದುಕರಿಗೂ ಆ ಕಟ್ಟಡದಲ್ಲಿ ಮನೆಯಿಲ್ಲ ಎಂದುಕೊಂಡೆ. ವಸಂತ ಬಂದಾಗ ಫೋನ್ ಬಂತು.

"ಹಿಗುಚಿ-ಸಾನ್ ಮನೆ ಖಾಲಿ ಇದೆ," ಅಂದ ಅರಿಮುರಾ. "ನಿಮ್ಮ ಬೆಂಚಿನ ಮೇಲೆ ಯಾರಾದ್ರೂ ಇದ್ದಾರಾ?"

"ಇದ್ದಾರೆ," ಅಂದೆ. "ವಯಸ್ಸು ಎಂಬತ್ತೊಂದು."

ಈಗ ಫೋನ್ ಇಡುತ್ತಾನೆ ಎಂದು ಕಾದೆ.

"ಸರಿ," ಅಂದ. "ಟವೆಲ್ ತರೋಕೆ ಹೇಳಿ."